ಸಾಲದ ಕಂತು ಲೆಕ್ಕದ ಇತಿಹಾಸ

ಸಾಲದ ಅಸಲು ಮತ್ತು ಬಡ್ಡಿಗಳೆರಡನ್ನೂ ಗೊತ್ತಾದ ಅವಧಿಯೊಳಗೆ ಕಂತುಕಂತಾಗಿ ತೀರಿಸುವ ಕ್ರಮವನ್ನು ಹಣಕಾಸು ಗಣಿತದಲ್ಲಿ ಅಮಾರ್ಟೈಸೇಷನ್ ಎನ್ನುತ್ತಾರೆ. ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುವುದು ಇದರ ಜೀವಾಳ.

ಪ್ರಾಚೀನ ಕಾಲ: ಬ್ಯಾಬಿಲೋನಿಯದಲ್ಲಿ ಬೆಳ್ಳಿಯ ಸಾಲಕ್ಕೆ ವರ್ಷಕ್ಕೆ ಶೇ. 20, ಬಾರ್ಲಿಯ ಸಾಲಕ್ಕೆ ಮೂರನೇ ಒಂದು ಭಾಗ ಬಡ್ಡಿ ರೂಢಿಯಲ್ಲಿತ್ತು. ಬಿರುಗಾಳಿಯಿಂದಲೋ ಬರದಿಂದಲೋ ಬೆಳೆ ಕೈಕೊಟ್ಟ ವರ್ಷ ಸಾಲಗಾರ ಬಡ್ಡಿ ಕೊಡಬೇಕಿಲ್ಲ ಎಂದು ಅಲ್ಲಿನ ದೊರೆ ಹಮ್ಮುರಾಬಿಯ ಶಾಸನ ವಿಧಿಸಿತು. ಭಾರತದಲ್ಲಿ ಆರ್ಯಭಟ ಕ್ರಿ.ಶ. 499ರಲ್ಲಿ ಬಡ್ಡಿಯ ಮೇಲಿನ ಬಡ್ಡಿಯ ಸಮಸ್ಯೆಯನ್ನು ವರ್ಗ ಸಮೀಕರಣದಿಂದ ಬಿಡಿಸಿದ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದ ಮಿಶ್ರಕ ವ್ಯವಹಾರ ಎಂಬ ಅಧ್ಯಾಯದಲ್ಲಿ ಕೂಡಿಕೊಂಡ ಅಸಲು–ಬಡ್ಡಿಗಳನ್ನು ಬೇರ್ಪಡಿಸುವ ಸೂತ್ರಗಳಿವೆ, ಕಂತಿನಲ್ಲಿ ಸಾಲ ತೀರಿಸುವ ಲೆಕ್ಕಗಳೂ ಇವೆ.

ಕೋಷ್ಟಕಗಳ ಯುಗ: ಯುರೋಪಿನ ಲೇವಾದೇವಿಗಾರರು ಚಕ್ರಬಡ್ಡಿಯ ಕೋಷ್ಟಕಗಳನ್ನು ವ್ಯಾಪಾರದ ಗುಟ್ಟಾಗಿ ಕಾಪಾಡುತ್ತಿದ್ದರು. ಗಣಿತಜ್ಞ ಸೈಮನ್ ಸ್ಟೆವಿನ್ 1582ರಲ್ಲಿ ಆಂಟ್‌ವರ್ಪ್‌ನಲ್ಲಿ ಅವನ್ನು ಅಚ್ಚು ಹಾಕಿಸಿದ. ಲೆಕ್ಕ ಸಾರ್ವಜನಿಕರ ಕೈಗೂ ಬಂತು.

ಸಮಾನ ಕಂತು: ಅಮೆರಿಕದಲ್ಲಿ 1930ರ ದಶಕದವರೆಗೆ ಅನೇಕ ಮನೆಸಾಲಗಳಿಗೆ ಕೆಲವು ವರ್ಷ ಬಡ್ಡಿ ಮಾತ್ರ ಕಟ್ಟಿ, ಕೊನೆಗೆ ಅಸಲನ್ನು ಒಟ್ಟಿಗೆ ತೀರಿಸಬೇಕಿತ್ತು. ಮಹಾ ಆರ್ಥಿಕ ಕುಸಿತದಲ್ಲಿ ಅದು ಆಗದೆ ಅಸಂಖ್ಯ ಕುಟುಂಬಗಳು ಮನೆ ಕಳೆದುಕೊಂಡವು. 1933ರಲ್ಲಿ ಸರ್ಕಾರ ಸ್ಥಾಪಿಸಿದ ಗೃಹಸಾಲ ನಿಗಮವು ಇಂಥ ಸಾಲಗಳನ್ನು ದೀರ್ಘಾವಧಿಯ ಕಂತುಗಳಿಗೆ ಬದಲಾಯಿಸಿತು. ಭಾರತದಲ್ಲಿ ಇದೇ ಕ್ರಮ ಇಎಂಐ (ಸಮಾನ ಮಾಸಿಕ ಕಂತು) ಎಂಬ ಹೆಸರಿನಲ್ಲಿ ಮನೆಮಾತಾಗಿದೆ.

ಲೆಕ್ಕದ ಬಗೆ: ಶೇ. 12ರ ವಾರ್ಷಿಕ ದರದಲ್ಲಿ ₹1,00,000 ಸಾಲವನ್ನು 12 ತಿಂಗಳಲ್ಲಿ ತೀರಿಸಲು ಮಾಸಿಕ ಕಂತು ಸುಮಾರು ₹8,885. ಮೊದಲ ಕಂತಿನಲ್ಲಿ ₹1,000 ಬಡ್ಡಿಗೆ, ಉಳಿದದ್ದು ಅಸಲಿಗೆ. ಕೊನೆಯ ಕಂತಿನಲ್ಲಿ ಬಡ್ಡಿ ಸುಮಾರು ₹88 ಮಾತ್ರ. ಒಟ್ಟು ಬಡ್ಡಿ ಸುಮಾರು ₹6,619. ಅದೇ ಶೇ. 12ನ್ನು ‘ಫ್ಲಾಟ್’ ದರವೆಂದು ಹೇಳಿದರೆ, ಅಸಲು ಕರಗುತ್ತಿದ್ದರೂ ಪೂರ್ತಿ ಮೊತ್ತಕ್ಕೇ ಬಡ್ಡಿ ಬಿದ್ದು ₹12,000 ಆಗುತ್ತದೆ. ನಿಜವಾದ ದರ ಶೇ. 21 ದಾಟುತ್ತದೆ.

ಈಚಿನ ನಿಯಮ: ಭಾರತೀಯ ರಿಸರ್ವ್ ಬ್ಯಾಂಕಿನ ಆದೇಶದಂತೆ, 2024ರ ಅಕ್ಟೋಬರ್ 1ರಿಂದ ವೈಯಕ್ತಿಕ ಬಳಕೆಯ ಹಾಗೂ ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೆ ಬ್ಯಾಂಕುಗಳು ವಾರ್ಷಿಕ ಒಟ್ಟು ವೆಚ್ಚದ ದರವನ್ನೂ ಕಂತಿನ ಪಟ್ಟಿಯನ್ನೂ ಮೊದಲೇ ಕೊಡಬೇಕು. ಸಹಿ ಹಾಕುವ ಮುನ್ನ ಪ್ರತಿ ಕಂತಿನಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು ಎಂದು ನೋಡಿ ತಿಳಿಯುವುದು ಹೀಗೆ ಸಾಲಗಾರನ ಹಕ್ಕಾಗಿದೆ.