ಹಿಮದ ಕೆಳಗಿನ ನೆಲ, ಎರಿಯ ಕೆಳಗಿನ ನೆಲ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಗುರುಗಳು ಫೋನ್ ಮಾಡಿದಾಗ, "ಸಾಫ್ಟ್‌ವೇರಿನವ ನಾನೇನ ಬರೀಲಿ ಸರ್" ಎಂದೆ. "ನವಿಲುತೀರ್ಥದ ಟ್ರಿಪ್ಪಿನ ಬಗ್ಗೆ ಬರಿ" ಎಂದರು. ಬರೆಯಲು ಕುಳಿತರೆ ಅದು ದಕ್ಷಿಣ ಧ್ರುವದವರೆಗೆ ಹೋಯಿತು.

ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮನ್ನು ಸವದತ್ತಿ ಗುಡ್ಡಕ್ಕೂ ನವಿಲುತೀರ್ಥಕ್ಕೂ ಕರೆದೊಯ್ದಿದ್ದರು. ಮಲಪ್ರಭೆ ಗುಡ್ಡವನ್ನು ಸೀಳಿ ಹೋಗುವ ಆ ಕಣಿವೆಯಲ್ಲಿ ಗುರುಗಳು ಒಂದು ಬಂಡೆ ತೋರಿಸಿದರು. ಅದರ ಮೈಮೇಲೆ ಅಲೆಯ ಗುರುತುಗಳಿದ್ದವು, ಹಳ್ಳದ ಉಸುಕಿನ ಮೇಲೆ ಇರುತ್ತವಲ್ಲ, ಹಾಗೆ. "ಇದು ಒಂದು ಕಾಲಕ್ಕ ನೀರಿನ ತಳದ ಉಸುಕು. ನಿಮ್ಮ ಹೊಲದ ಎರಿ ಕೆಳಗೂ ಇದ ಕಲ್ಲು ಇದ್ದರ ಇದ್ದೀತು. ಯಾರು ನೋಡ್ಯಾರ?" ಎಂದರು. ನಾವು ಆಗ ಬುತ್ತಿ ಬಿಚ್ಚುವ ಅವಸರದಲ್ಲಿದ್ದೆವು.

ಮುಂದೆ ಬಿ.ಇ.ಯಲ್ಲಿ ಎಲೆಕ್ಟ್ರಾನಿಕ್ಸ್ ಓದುವಾಗ ರೇಡಾರ್ ವಿಷಯ ಬಂತು. ಅದರ ಜಾಡು ಹಿಡಿದು ಅಂಟಾರ್ಕ್ಟಿಕಾದ ಕಥೆ ಓದಿದೆ. ಆ ಖಂಡದ ಮೇಲಿನ ಹಿಮದ ಸರಾಸರಿ ದಪ್ಪ ಸುಮಾರು 2 ಕಿಲೋಮೀಟರ್. ಕೆಳಗೆ ಗುಡ್ಡವಿದೆಯೋ ಬಯಲಿದೆಯೋ ಎಂಬುದು ನೂರು ವರ್ಷದ ಹಿಂದೆ ಯಾರಿಗೂ ಗೊತ್ತಿರಲಿಲ್ಲ. ಮೊದಲ ಉಪಾಯ ಸಿಡಿಮದ್ದು. ಹಿಮದಲ್ಲಿ ಮದ್ದು ಸಿಡಿಸಿ, ಸದ್ದು ತಳದ ಕಲ್ಲಿಗೆ ಬಡಿದು ಮರಳುವ ಹೊತ್ತನ್ನು ಅಳೆಯುವುದು. ಖಂಡಗಳು ಸರಿಯುತ್ತವೆ ಎಂದ ಆಲ್ಫ್ರೆಡ್ ವೆಗೆನರ್ 1930ರಲ್ಲಿ ಗ್ರೀನ್‌ಲ್ಯಾಂಡಿಗೆ ಒಯ್ದ ತಂಡ ಹೀಗೆ ಅಳೆಯಿತು. ಅದೇ ನವೆಂಬರಿನಲ್ಲಿ, ನಡುಹಿಮದ ಠಾಣ್ಯದಿಂದ ಮರಳುವ ದಾರಿಯಲ್ಲಿ ವೆಗೆನರ್ ತೀರಿಕೊಂಡ. 1951–52ರಲ್ಲಿ ಗಾರ್ಡನ್ ರಾಬಿನ್ ಅಂಟಾರ್ಕ್ಟಿಕಾದಲ್ಲಿ ಇದೇ ಕೆಲಸ ಮಾಡಿದ. ಒಂದೊಂದು ಜಾಗದಲ್ಲೂ ಹಿಮ ಕೊರೆದು, ಮದ್ದು ತುಂಬಿ, ತಂತಿ ಹಾಸಬೇಕಿತ್ತು.

ಎರಡನೆಯ ಉಪಾಯ ಹೊಳೆದದ್ದು ಒಂದು ದೋಷದಿಂದ. ಹಿಮದ ಮೇಲೆ ಹಾರುವಾಗ ವಿಮಾನಗಳ ರೇಡಿಯೋ ಎತ್ತರಮಾಪಕ ತಪ್ಪು ಎತ್ತರ ತೋರಿಸುತ್ತಿತ್ತು. ರೇಡಿಯೋ ಅಲೆ ಹಿಮದ ಮೇಲ್ಮೈಗೆ ನಿಲ್ಲದೆ ಒಳಗೆ ತೂರಿಹೋಗುತ್ತದೆ ಎಂದು ಅಮೆರಿಕದ ಅಮೊರಿ ವೇಟ್ 1950ರ ದಶಕದಲ್ಲಿ ತೋರಿಸಿದ. 1963ರಲ್ಲಿ ಕೇಂಬ್ರಿಜ್‌ನ ಸ್ಟಾನ್ಲಿ ಇವಾನ್ಸ್ ಇದಕ್ಕೆಂದೇ ಉಪಕರಣ ಕಟ್ಟಿದ. 3 ಕಿ.ಮೀ. ಹಿಮ ದಾಟಿ, ಕಲ್ಲು ಮುಟ್ಟಿ, ಮರಳಲು ರೇಡಿಯೋ ಅಲೆಗೆ ಬೇಕಾದದ್ದು ಸುಮಾರು 36 ಮೈಕ್ರೋಸೆಕೆಂಡ್. ಹಾಗಾಗಿ ವಿಮಾನ ಹಾರುತ್ತಲೇ ಇರಬಹುದು, ಕೆಳಗಿನ ನೆಲ ಫಿಲ್ಮಿನ ಮೇಲೆ ಗೆರೆಯಾಗಿ ಮೂಡುತ್ತಲೇ ಇರುತ್ತದೆ. ಹೀಗೆ ಕಂಡ ಹಿಮದಡಿಯ ಸರೋವರಗಳಲ್ಲಿ ದೊಡ್ಡದು ವೋಸ್ಟೋಕ್. ಉದ್ದ ಸುಮಾರು 250 ಕಿ.ಮೀ., ಮೇಲೆ ಹೆಚ್ಚುಕಡಿಮೆ 4 ಕಿ.ಮೀ. ಹಿಮದ ಮುಚ್ಚಳ. 2001ರಲ್ಲಿ ಹಲವು ದೇಶಗಳ ಅಳತೆಗಳನ್ನೆಲ್ಲ ಕೂಡಿಸಿ ಬೆಡ್‌ಮ್ಯಾಪ್ ಎಂಬ ಒಂದೇ ನಕ್ಷೆ ಮಾಡಿದರು.

ಇದನ್ನೆಲ್ಲ ಓದುವಾಗ ಗುರುಗಳ ಪ್ರಶ್ನೆ ನೆನಪಾಯಿತು. ನಮ್ಮ ಸೀಮೆಗೂ ಒಂದು ಹೊದಿಕೆ ಇದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ, ಅಂದರೆ ದಖನ್ ಟ್ರ್ಯಾಪಿನ ಕರಿಕಲ್ಲು. ನಾವಿರುವುದು ಅದರ ಅಂಚಿನಲ್ಲಿ. ಬೈಲಹೊಂಗಲದ ಸುತ್ತ ಎರಿ. ಸವದತ್ತಿ, ರಾಮದುರ್ಗದ ಗುಡ್ಡಗಳು ಅದಕ್ಕಿಂತ ಬಹಳ ಹಳೆಯ ಉಸುಕುಗಲ್ಲು. ಕಿತ್ತೂರು, ಧಾರವಾಡದ ಕಡೆ ಅದಕ್ಕೂ ಹಳೆಯ ಶಿಲೆ. ಲಾವಾ ಹರಿಯುವ ಮುಂಚೆಯೇ ಇಲ್ಲಿ ಗುಡ್ಡ ಕಣಿವೆಗಳಿದ್ದವು. ಕಣಿವೆ ತುಂಬಿದವು, ಎತ್ತರದ ನೆತ್ತಿಗಳು ಉಳಿದವು. ಅಂಟಾರ್ಕ್ಟಿಕಾದಲ್ಲಿ ಹಿಮದಿಂದ ತಲೆಯೆತ್ತಿದ ಶಿಖರಗಳೂ ಹೀಗೆಯೇ.

ಈ ಹೊದಿಕೆಯ ಅಡಿಯನ್ನು ಮೊದಲು ಕ್ರಮವಾಗಿ ಓದಿದವನು ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ. 1863ರಲ್ಲಿ ಮದರಾಸಿನ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಆಯುಧ ಹುಡುಕಿದವನೂ ಇವನೇ. ದಕ್ಷಿಣ ಮರಾಠಾ ಸೀಮೆ, ಅಂದರೆ ನಮ್ಮ ಸೀಮೆಯ ಭೂರಚನೆಯ ಬಗ್ಗೆ ಅವನ ಗ್ರಂಥ ಬಂದದ್ದು 1876ರಲ್ಲಿ. ಕಲಾದಗಿ, ಧಾರವಾಡ ಎಂಬ ನಮ್ಮ ಊರುಗಳ ಹೆಸರನ್ನು ಕಲ್ಲುಗಳ ಹೆಸರಾಗಿ ಶಾಸ್ತ್ರಕ್ಕೆ ಸೇರಿಸಿದವನೂ ಅವನೇ. ಗೋಕಾಕದ ಹತ್ತಿರ ಖಡ್ಗಮೃಗದ ಪಳೆಯುಳಿಕೆಯೂ ಅವನಿಗೆ ಸಿಕ್ಕಿತ್ತು. ಖಡ್ಗಮೃಗ, ನಮ್ಮ ಗೋಕಾಕದಲ್ಲಿ! ಅವನ ಬಳಿ ಮದ್ದೂ ಇರಲಿಲ್ಲ, ರೇಡಿಯೋವೂ ಇರಲಿಲ್ಲ. ಲಾವಾ ಮುಗಿಯುವ ಅಂಚು, ಹೊಳೆ ಕೊರೆದ ಕಣಿವೆ, ಇಷ್ಟೇ ಅವನ ಕಿಟಕಿಗಳು.

ವಿಚಿತ್ರವೆಂದರೆ ರೇಡಾರ್ ಬಂದ ಮೇಲೂ ನಮಗೆ ಹೆಚ್ಚು ಅನುಕೂಲವಾಗಲಿಲ್ಲ. ಕೊರೆಯುವ ಚಳಿಯ ಹಿಮದಲ್ಲಿ ಕಿಲೋಮೀಟರುಗಟ್ಟಲೆ ಹೋಗುವ ಅಲೆ ನಮ್ಮ ಹಸಿ ಎರಿಯಲ್ಲಿ ಒಂದೆರಡು ಮೀಟರಿಗೇ ಸತ್ತುಹೋಗುತ್ತದೆ. ಸದ್ದಿನ ಅಲೆಯೂ ಲಾವಾದ ಪದರಗಳಲ್ಲಿ ಚದುರುತ್ತದೆ. ಕೊನೆಗೆ ಖಾತ್ರಿ ಬೇಕೆಂದರೆ ಕೊರೆಯಲೇಬೇಕು. 1993ರ ಭೂಕಂಪದ ನಂತರ ಲಾತೂರಿನ ಕಿಲ್ಲಾರಿಯಲ್ಲಿ ಕೊರೆದಾಗ 338 ಮೀಟರಿಗೆ ಲಾವಾ ಮುಗಿದು ಹಳೆಯ ಕಲ್ಲು ಬಂತು. ಕೊಯ್ನಾದಲ್ಲಿ ಸುಮಾರು 1,250 ಮೀಟರ್ ಇಳಿಯಬೇಕಾಯಿತು.

ನಮ್ಮ ಮನೆಯಲ್ಲೂ ಕೊರೆಸಿದ್ದೇವೆ. ಅಪ್ಪ ಮೊದಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವವರನ್ನು ಕರೆಸಿದ. 380 ಅಡಿ, ಬರೀ ಧೂಳು. ನಾನು ನಕ್ಕು, ನೆಲಕ್ಕೆ ಕರೆಂಟು ಬಿಟ್ಟು ಅಳೆಯುವವರನ್ನು ಬೆಂಗಳೂರಿನಿಂದಲೇ ಗೊತ್ತುಮಾಡಿದೆ. ಗ್ರಾಫು ಚೆಂದ ಇತ್ತು. 520 ಅಡಿ, ಅದೇ ಧೂಳು. ತಂಗಿಯ ಮದುವೆಗೆಂದು ಇಟ್ಟ ಹಣ ಅದು. ಅಪ್ಪ ಬೈಯಲಿಲ್ಲ. "ನಿನ್ನ ಮಷಿನ್ನಿಗೂ ತೆಂಗಿನಕಾಯಿಗೂ ಏನ ಫರಕ ಬಿತ್ತಪಾ?" ಎಂದು ಕೇಳಿದ, ಅಷ್ಟೇ.

ಫರಕು ಏನೆಂದು ನನಗೆ ಆಮೇಲೆ ಹೊಳೆಯಿತು. ಕರೆಂಟಿನ ಅಳತೆ ಹೇಳುವುದು ಒಂದು ಅಂದಾಜು. ಅಕ್ಕಪಕ್ಕದ ಬೋರುಗಳಲ್ಲಿ ಏನು ಬಂತೆಂಬ ದಾಖಲೆ ಇದ್ದರೆ ಆ ಅಂದಾಜನ್ನು ತಿದ್ದಬಹುದು. ನಮ್ಮಲ್ಲಿ ಅದಿರಲಿಲ್ಲ. ಲಾವಾದಲ್ಲಿ ನೀರು ಕೂಡುವುದು ಬಿರುಕುಗಳಲ್ಲಿ, ಒಂದು ಪದರ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ. ಆ ಸಂದಿ ಎಷ್ಟು ಆಳದಲ್ಲಿದೆ ಎಂಬುದನ್ನು ಊರಿನ ಪ್ರತಿ ಬೋರೂ ಒಮ್ಮೆ ಹೇಳಿರುತ್ತದೆ. ಬೆಳಗಾಗುವಷ್ಟರಲ್ಲಿ ಗಾಡಿ ಮುಂದಿನ ಊರಿಗೆ ಹೋಗುತ್ತದೆ, ಪುಡಿ ಗಾಳಿಗೆ ಹೋಗುತ್ತದೆ.

ಹೋದ ದೀಪಾವಳಿಯಿಂದ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡುತ್ತಿದ್ದೇನೆ: ಊರು, ಆಳ, ಎಷ್ಟು ಅಡಿಗೆ ಯಾವ ಬಣ್ಣದ ಪುಡಿ, ನೀರು ಬಂತೋ ಇಲ್ಲವೋ. ಈವರೆಗೆ 43 ಬೋರುಗಳಾಗಿವೆ. ಹೆಚ್ಚಿನವು ಬೈಲಹೊಂಗಲ, ಸವದತ್ತಿ ಕಡೆಯವು. ಕಿತ್ತೂರಿನವು 6, ರಾಮದುರ್ಗದ ಕಡೆಯವು ಬರೀ 2. ಮಹೋತ್ಸವದ ದಿನ ಹಾಳೆಯ ಪ್ರತಿಯೊಂದನ್ನು ತಂದು ಶಾಲೆಯ ಗ್ರಂಥಾಲಯದಲ್ಲಿ ಇಡುತ್ತೇನೆ. ಆ ಕಡೆಯ ಗೆಳೆಯರು ನೀರು ಬಾರದ ಬೋರಿನ ವಿವರವನ್ನೂ ತರಬೇಕು. ಅದನ್ನು ಹೇಳಲು ಜನ ನಾಚುತ್ತಾರೆ, ನಮ್ಮ ಮನೆಯ ಎರಡನ್ನು ನಾನು ಮೊದಲ ಸಾಲಿನಲ್ಲೇ ಬರೆದಿದ್ದೇನೆ.