ದುರ್ಗದ ಕಲ್ಲು, ಆಫ್ರಿಕಾದ ಮೀನು: ಮನೆಯಲ್ಲಿ ಸಿಕ್ಲಿಡ್ ಅಕ್ವೇರಿಯಂ

ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗಳಿಗೆ ಹೆಸರಾಗಿದ್ದ ಊರು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಕಸುಬನ್ನು ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಆ ಗಾಜಿಗೆ ಬೇಕಾದ ಸೋಡಾ ಚೌಳು ಮಣ್ಣಿನಿಂದಲೇ ದೊರೆಯುತ್ತಿತ್ತು. ಬೆಳೆಗೆ ಒಗ್ಗದ ಈ ಕ್ಷಾರಗುಣ, ಬೇಳೆ ಬೇಯಿಸಲು ಒದಗದ ಬೋರ್‌ವೆಲ್ಲಿನ ಗಡಸು ನೀರು ಇವೆರಡೂ ಬಯಲುಸೀಮೆಯ ಜನರಿಗೆ ಚಿರಪರಿಚಿತ. ಅಕ್ವೇರಿಯಂ ಹವ್ಯಾಸಿಗಳಲ್ಲೂ ಅನೇಕರು ಈ ನೀರನ್ನು ಶಪಿಸುವುದುಂಟು. ಆದರೆ ಪೂರ್ವ ಆಫ್ರಿಕಾದ ಮಲಾವಿ ಮತ್ತು ಟ್ಯಾಂಗನಿಕಾ ಸರೋವರಗಳ ಸಿಕ್ಲಿಡ್ ಮೀನುಗಳಿಗೆ ಬೇಕಾದುದು ಇಂತಹ ನೀರೇ.

ಇವೆರಡೂ ಭೂಬಿರುಕಿನ ಕಣಿವೆಯಲ್ಲಿ ರೂಪುಗೊಂಡ ಆಳವಾದ ಸರೋವರಗಳು. ಮಲಾವಿಯ ಆಳ ಸುಮಾರು 700 ಮೀಟರ್, ಟ್ಯಾಂಗನಿಕಾದ್ದು ಸುಮಾರು 1,470 ಮೀಟರ್. ಮಲಾವಿಯ ನೀರಿನ ಪಿಎಚ್ ಮೌಲ್ಯ 7.8ರಿಂದ 8.6ರವರೆಗೆ ಇದ್ದರೆ ಟ್ಯಾಂಗನಿಕಾದಲ್ಲಿ ಅದು 9ರ ಸಮೀಪಕ್ಕೆ ಏರುತ್ತದೆ. ದೊಡ್ಡ ಗಾತ್ರದ ತಳಿಗಳ ಪೈಕಿ ಹಣೆಯಲ್ಲಿ ಗುಬ್ಬು ಬೆಳೆಸಿಕೊಳ್ಳುವ, ಮೈಮೇಲೆ ಕಪ್ಪು ಪಟ್ಟೆಗಳಿರುವ ಫ್ರಂಟೋಸಾ ಟ್ಯಾಂಗನಿಕಾದ್ದು. ಒಂದು ಅಡಿಗೂ ಮಿಗಿಲಾಗಿ ಬೆಳೆದು 20 ವರ್ಷ ಬಾಳಬಲ್ಲದು. ವೀನಸ್ಟಸ್, ನೀಲಿ ಡಾಲ್ಫಿನ್ ಎಂದು ಕರೆಯಲ್ಪಡುವ ಮೂರಿ, ಸತ್ತಂತೆ ಮಲಗಿ ಬೇಟೆಯನ್ನು ಸೆಳೆಯುವ ಲಿವಿಂಗ್‌ಸ್ಟೋನಿ ಮಲಾವಿಯವು. ಅಂಗಡಿಯಲ್ಲಿ ಎರಡು ಅಂಗುಲದ ಮರಿಯಾಗಿ ಕಾಣುವ ಮೀನು ಮುಂದೆ ಏನಾಗುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳುವುದು ಒಳಿತು.

ತೊಟ್ಟಿಯ ಗಾತ್ರ

ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಗಿಂತ ಚಿಕ್ಕದನ್ನು ಈ ಮೀನುಗಳಿಗೆ ಸೂಚಿಸಲಾಗದು. ಇದರಲ್ಲಿ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ನೀರು, 12 ಮಿ.ಮೀ. ದಪ್ಪದ ಗಾಜು, ಕಲ್ಲು, ಕಬ್ಬಿಣದ ಸ್ಟ್ಯಾಂಡ್ ಎಲ್ಲವೂ ಸೇರಿದರೆ ಭಾರ ಒಂದು ಟನ್ನಿನ ಹತ್ತಿರಕ್ಕೆ ಬರುತ್ತದೆ. ಆದ್ದರಿಂದ ನೆಲಮಹಡಿಯೇ ಕ್ಷೇಮ. ಮೇಲಿನ ಮಹಡಿಯಲ್ಲಿ ಇರಿಸುವುದಾದರೆ ಎಂಜಿನಿಯರರ ಅಭಿಪ್ರಾಯ ಪಡೆದೇ ಮುಂದುವರಿಯತಕ್ಕದ್ದು. ತೊಟ್ಟಿಯ ಅಡಿಗೆ ಥರ್ಮೋಕೋಲ್ ಹಾಳೆ ಹಾಸುವುದನ್ನು ಮರೆಯಬಾರದು.

ಕಲ್ಲಿನ ಆಯ್ಕೆ ಮತ್ತು ಜೋಡಣೆ

ಈ ವಿಷಯದಲ್ಲಿ ಚಿತ್ರದುರ್ಗ ಜಿಲ್ಲೆಯವರು ಭಾಗ್ಯವಂತರು. ಮಲಾವಿಯ ಬಂಡೆಗಲ್ಲಿನ ದಡವನ್ನು ಚಿತ್ರಗಳಲ್ಲಿ ನೋಡಿದವರಿಗೆ ದುರ್ಗದ ಗುಂಡುಬಂಡೆಗಳ ನೆನಪಾಗದೆ ಇರದು. ಗ್ರಾನೈಟ್ ಮತ್ತು ಬೆಣಚುಕಲ್ಲು ನೀರಿನ ಗುಣವನ್ನು ಬದಲಿಸುವುದಿಲ್ಲ. ಸುಣ್ಣಕಲ್ಲಿನ ಜಾತಿಗೆ ಸೇರಿದ ಕಡಪ ಚಪ್ಪಡಿಯ ತುಂಡುಗಳು ನೀರಿನ ಕ್ಷಾರಗುಣವನ್ನು ಕಾಯ್ದುಕೊಳ್ಳಲು ನೆರವಾಗುತ್ತವೆ. ಕಲ್ಲಿನ ಮೇಲೆ ನಿಂಬೆರಸ ಹಿಂಡಿದಾಗ ನೊರೆಗಟ್ಟಿದರೆ ಅದರಲ್ಲಿ ಸುಣ್ಣದ ಅಂಶವಿದೆಯೆಂದು ತಿಳಿಯಬೇಕು. ಈ ಮೀನುಗಳಿಗೆ ಅದರಿಂದ ಬಾಧಕವಿಲ್ಲ.

ಆದರೆ ಒಂದು ಎಚ್ಚರಿಕೆ ಅಗತ್ಯ. ಚಿತ್ರದುರ್ಗದ ಶಿಲಾಪಟ್ಟಿ ಖನಿಜಗಳಿಗೂ ಹೆಸರಾದುದು. ಇಂಗಳದಾಳಿನಲ್ಲಿ ತಾಮ್ರದ ಅದಿರನ್ನು ತೆಗೆಯಲಾಗಿತ್ತು. ಹೊಸದುರ್ಗ, ಹೊಳಲ್ಕೆರೆಗಳ ಕಡೆ ಕಬ್ಬಿಣ ಮತ್ತು ಮ್ಯಾಂಗನೀಸ್ ಇವೆ. ಹಸಿರು ಕಲೆಯುಳ್ಳ, ಲೋಹದಂತೆ ಮಿನುಗುವ ಅಥವಾ ತುಕ್ಕು ಬಿಡುವ ಕಲ್ಲನ್ನು ಎಷ್ಟೇ ಸುಂದರವಾಗಿದ್ದರೂ ಬಳಸಕೂಡದು. ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿಗೆ ವಿಷ. ಕೋಟೆಯ ಆವರಣದಿಂದ ಕಲ್ಲು ತರುವ ಯೋಚನೆಯಂತೂ ಬೇಡ, ಅದು ಸಂರಕ್ಷಿತ ಸ್ಮಾರಕ.

ಮೊದಲು ಕಲ್ಲು, ಆಮೇಲೆ ಮರಳು. ಈ ಕ್ರಮ ತಪ್ಪಿದರೆ ಅನಾಹುತ. ಸಿಕ್ಲಿಡ್‌ಗಳಿಗೆ ಮರಳು ತೋಡುವ ಚಟ ಉಂಟು. ಮರಳಿನ ಮೇಲೆ ನಿಲ್ಲಿಸಿದ ಕಲ್ಲಿನ ಬುಡವನ್ನು ಅವು ರಾತ್ರಿ ಬೆಳಗಾಗುವುದರೊಳಗೆ ಸಡಿಲಗೊಳಿಸಬಲ್ಲವು. ಕಲ್ಲು ಉರುಳಿ ಗಾಜು ಒಡೆದರೆ 680 ಲೀಟರ್ ನೀರು ಮನೆಯೊಳಗೆ ಹರಿಯುತ್ತದೆ. ಆದುದರಿಂದ ತಳದ ಗಾಜಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿ, ಅಗಲವಾದ ಕಲ್ಲುಗಳನ್ನು ಅದರ ಮೇಲೆ ನೇರವಾಗಿ ಕೂರಿಸಿ, ಕೈಯಿಂದ ಅಲುಗಾಡಿಸಿ ನೋಡಿ, ಅನಂತರ ಎರಡು ಅಂಗುಲದಷ್ಟು ತೊಳೆದ ಮರಳನ್ನು ಸುರಿಯಬೇಕು. ಮೇಲಿನ ಕಲ್ಲುಗಳನ್ನು ಸಿಲಿಕೋನ್ ಅಂಟಿನಿಂದ ಬಿಗಿದರೆ ಇನ್ನೂ ಭದ್ರ. ದೊಡ್ಡ ಮೀನುಗಳಿಗೆ ಗುಹೆಗಳಷ್ಟೇ ಈಜುವ ಬಯಲೂ ಮುಖ್ಯ; ತೊಟ್ಟಿಯ ಅರ್ಧಭಾಗವನ್ನಾದರೂ ತೆರವಾಗಿ ಬಿಡಬೇಕು.

ನೀರು

ಹಳ್ಳಿಹಳ್ಳಿಗಳಲ್ಲಿ ಈಗ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಮನುಷ್ಯರಿಗೆ ಒಳ್ಳೆಯದಾದ ಆ ನೀರು ಮೀನಿಗೂ ಒಳ್ಳೆಯದೆಂದು ಭಾವಿಸಿ ಕ್ಯಾನುಗಟ್ಟಲೆ ತಂದು ಸುರಿಯುವುದು ತಪ್ಪು. ಆರ್‌ಒ ಯಂತ್ರದಲ್ಲಿ ಸೋಸಿದ ನೀರಿನಲ್ಲಿ ಲವಣಗಳು ಉಳಿದಿರುವುದಿಲ್ಲ. ಬೋರ್‌ವೆಲ್ ನೀರನ್ನೇ ಒಂದು ದಿನ ಗಾಳಿಯಾಡಿಸಿ, ಪಿಎಚ್ ಪರೀಕ್ಷಿಸಿ ಬಳಸಬಹುದು. ನಲ್ಲಿಯ ನೀರಾದರೆ ಕ್ಲೋರಿನ್ ನಿವಾರಕ ಕಡ್ಡಾಯ.

ತೊಟ್ಟಿ ತುಂಬಿದ ದಿನವೇ ಮೀನು ಬಿಡುವವರೇ ಹೆಚ್ಚು. ಬಹುತೇಕ ಮೀನುಗಳು ಸಾಯುವುದೂ ಇದರಿಂದಲೇ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಬಳಿಕ ನೈಟ್ರೇಟ್ ಆಗಿಯೂ ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಕ್ಷಾರೀಯ ನೀರಿನಲ್ಲಿ ಈ ತಾಳ್ಮೆ ಇನ್ನೂ ಹೆಚ್ಚು ಬೇಕು. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇರುವಾಗ ಒಟ್ಟು ಅಮೋನಿಯಾದ ಶೇ. 1ಕ್ಕೂ ಕಡಿಮೆ ಭಾಗ ವಿಷಕಾರಿ ರೂಪದಲ್ಲಿದ್ದರೆ, ಪಿಎಚ್ 8.5ರಲ್ಲಿ ಅದು ಶೇ. 15ರಷ್ಟಾಗುತ್ತದೆ. ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಆಹಾರ ಹಾಕುತ್ತಾ ಫಿಲ್ಟರನ್ನು ಓಡಿಸಿ, ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಮೀನು ತರಬೇಕು. ಫಿಲ್ಟರ್ ಗಂಟೆಗೆ 3,000 ಲೀಟರಿನಷ್ಟಾದರೂ ನೀರನ್ನು ಹಾಯಿಸುವಂತಿರಲಿ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು. ಕರೆಂಟು ಹೋದಾಗ ನಡೆಯುವ ಬ್ಯಾಟರಿಯ ಏರ್‌ಪಂಪ್ ಒಂದು ಮನೆಯಲ್ಲಿರಲೇಬೇಕು. ಬೇಸಿಗೆಯ ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ.

ಮೀನು, ಆಹಾರ

ಇಂತಹ ತೊಟ್ಟಿಗೆ ಒಂದು ಗಂಡು, ಐದಾರು ಹೆಣ್ಣು ಫ್ರಂಟೋಸಾಗಳು ಸಾಕು. ಇವು ನಿಧಾನ ಸ್ವಭಾವದವಾದರೂ ಬಾಯಿಗೆ ಹಿಡಿಸುವ ಮೀನನ್ನು ನುಂಗದೆ ಬಿಡವು. ಗುಳಿಗೆ ಆಹಾರ, ಸೀಗಡಿ ಕೊಡಬಹುದು. ಮಾಂಸದ ತುಂಡು ಹಾಕಿದರೆ ಹೊಟ್ಟೆಯುಬ್ಬರ ಬರುತ್ತದೆ.

ಮೀನು ತೊಟ್ಟಿಗೆ ಮೀರಿ ಬೆಳೆದರೆ ಅಂಗಡಿಗೆ ಹಿಂದಿರುಗಿಸಬೇಕೇ ಹೊರತು ಕೆರೆಗಾಗಲಿ ವೇದಾವತಿಗಾಗಲಿ ಬಿಡಬಾರದು. ನಮ್ಮವರು ಜಿಲೇಬಿ ಮೀನು ಎನ್ನುವ ತಿಲಾಪಿಯಾ ಸಹ ಆಫ್ರಿಕಾದ ಸಿಕ್ಲಿಡ್ಡೇ. 1952ರಲ್ಲಿ ಭಾರತಕ್ಕೆ ತಂದ ಆ ಮೀನು ಇಂದು ನಾಡಿನ ಅನೇಕ ಕೆರೆಗಳಲ್ಲಿ ಸ್ಥಳೀಯ ಮೀನುಗಳ ಮೇವು ಮತ್ತು ನೆಲೆಗೆ ಪೈಪೋಟಿಯಾಗಿ ನಿಂತಿದೆ.