ಯಾವುದರ ಧ್ಯಾನ?

ಧ್ಯಾನ ಎಂದರೆ ಕಣ್ಣು ಮುಚ್ಚಿ, ಮನಸ್ಸನ್ನು ಬರಿದು ಮಾಡಿಕೊಂಡು ಕೂರುವುದು ಎಂಬ ತಿಳಿವಳಿಕೆ ಈಗ ಗಟ್ಟಿಯಾಗಿಬಿಟ್ಟಿದೆ. ಕನ್ನಡದ ಆಡುಮಾತು ಇದನ್ನು ಒಪ್ಪುವುದಿಲ್ಲ. ‘ಹುಡುಗನಿಗೆ ಸದಾ ಕ್ರಿಕೆಟ್ಟಿನದೇ ಧ್ಯಾನ’ ಎನ್ನುತ್ತೇವೆ. ಕರೆದರೂ ಓಗೊಡದವರನ್ನು ‘ಯಾವ ಧ್ಯಾನದಲ್ಲಿದ್ದೀಯ?’ ಎಂದು ಕೇಳುತ್ತೇವೆ. ಎರಡರಲ್ಲೂ ಮನಸ್ಸು ಒಂದಕ್ಕೆ ಅಂಟಿಕೊಂಡಿದೆ. ಸಂಸ್ಕೃತದ ‘ಧ್ಯೈ’ ಧಾತುವಿಗೂ ಚಿಂತಿಸು ಎಂದೇ ಅರ್ಥ. ಮಹಾರಾಷ್ಟ್ರದ ಇಗತಪುರಿಯಲ್ಲಿ ಈ ಪದ ಎರಡು ಬಗೆಯಲ್ಲಿ ಬಾಳುತ್ತಿದೆ. ಕಸಾರಾ ಘಾಟಿ ಹತ್ತಿ ಬರುವ ರೈಲುಗಳ ನಿಲ್ದಾಣದಲ್ಲಿ ಹಿಂದಿ ಪ್ರಕಟಣೆ ಪ್ರಯಾಣಿಕರ ‘ಧ್ಯಾನ್’ ಬೇಡುತ್ತದೆ. ಊರಿನ ಧಮ್ಮಗಿರಿ ಎಂಬ ಧ್ಯಾನಕೇಂದ್ರದಲ್ಲಿ 1976ರಿಂದ ಜನ ಹತ್ತು ಹತ್ತು ದಿನ ಮೌನದಲ್ಲಿ ಕೂರುತ್ತಿದ್ದಾರೆ. ಈ ಎರಡೂ ಒಂದೇ ಬೇರಿನವು ಎನ್ನಲು ಬಲವಾದ ಸಾಕ್ಷಿ ಸಿಗುವುದು ದೂರದ ಕೊರಿಯಾದಲ್ಲಿ.

ಪಾಳಿಯಲ್ಲಿ ‘ಝಾನ’ವಾದ ಪದ ಚೀನಾದಲ್ಲಿ ‘ಚಾನ್’, ಕೊರಿಯಾದಲ್ಲಿ ‘ಸೊನ್’, ಜಪಾನಿನಲ್ಲಿ ‘ಝೆನ್’ ಆಯಿತು. ಕೊರಿಯಾದ ಉತ್ತರದ ಗೊಗುರ್ಯೊ ರಾಜ್ಯಕ್ಕೆ ಬೌದ್ಧಧರ್ಮ ಕಾಲಿಟ್ಟದ್ದು 372ರಲ್ಲಿ. ಸೊನ್ ಸಾಧನೆಗೆ ಅಲ್ಲಿ ಭದ್ರ ನೆಲೆ ಕಟ್ಟಿದವರಲ್ಲಿ ಜಿನುಲ್ (1158–1210) ಪ್ರಮುಖ. ಅವನು ಪರಿಚಯಿಸಿದ ಕ್ರಮದಲ್ಲಿ ಸಾಧಕನಿಗೆ ಒಂದು ‘ಹ್ವಾದು’ ಇರುತ್ತದೆ, ಬಿಡಿಸಲು ಕೊಟ್ಟ ಮಾತು. ಇವತ್ತಿಗೂ ಬೇಸಿಗೆಯಲ್ಲಿ ಮೂರು ತಿಂಗಳು, ಚಳಿಗಾಲದಲ್ಲಿ ಮೂರು ತಿಂಗಳು ಭಿಕ್ಷುಗಳು ವಿಹಾರ ಬಿಟ್ಟು ಕದಲದೆ ಇದನ್ನೇ ಹಿಡಿದು ಕೂರುತ್ತಾರೆ. ಬಹಳ ಬಳಕೆಯಲ್ಲಿರುವ ಹ್ವಾದು ‘ಇಮ್ವೊತ್ಕೊ’, ಅಂದರೆ ‘ಇದೇನು?’ ಗ್ರಂಥದ ಭಾಷೆಯದಲ್ಲ, ಗ್ಯೊಂಗ್‌ಸಾಂಗ್ ಸೀಮೆಯ ಆಡುನುಡಿ ಅದು. ಉಣ್ಣುವಾಗಲೂ ನಡೆಯುವಾಗಲೂ ಆ ಪ್ರಶ್ನೆ ಆರಕೂಡದು. ಉತ್ತರವನ್ನು ಪುಸ್ತಕದಿಂದ ತರಕೂಡದು. ಆ ಸಾಧಕನಿಗೆ ಸದಾ ಅದರದೇ ಧ್ಯಾನ ಎಂದು ನಮ್ಮವರು ಯೋಚಿಸದೆ ಹೇಳಿಬಿಡುತ್ತಾರೆ.

ಸೊನ್ ಚೀನಾದ ಕೂಸು, ಭಾರತದಿಂದ ಹೋದದ್ದು ಹೆಸರಷ್ಟೇ ಎಂದು ಆಕ್ಷೇಪಿಸಬಹುದು. ಹ್ವಾದುವಿನ ಕ್ರಮ ಚೀನಾದ್ದೇ, ನಿಜ. ಜಿನುಲ್‌ಗೆ ಅದು ದೊರೆತದ್ದು ದಹುಯಿ ಎಂಬ ಚೀನೀ ಗುರುವಿನ ಬರಹದಿಂದ. ಆದರೆ ಚಿತ್ತವನ್ನು ಒಂದೆಡೆ ನಿಲ್ಲಿಸುವ ಅರ್ಥವನ್ನೂ ಆ ಹೆಸರು ಹೊತ್ತೊಯ್ದಿತ್ತು. ಇನ್ನು ಧಮ್ಮಗಿರಿಯದು ಎಸ್. ಎನ್. ಗೋಯೆಂಕಾ ಬರ್ಮಾದಲ್ಲಿ ಊ ಬಾ ಖಿನ್ ಅವರಿಂದ ಕಲಿತು ತಂದ ವಿಪಶ್ಯನ. ಅದನ್ನು ಧ್ಯಾನದ ಲೆಕ್ಕಕ್ಕೆ ಹಿಡಿಯಬಾರದು ಎಂಬ ವಾದವೂ ಇದೆ. ಶಾಸ್ತ್ರ ಇವೆರಡನ್ನು ಬೇರೆಯಾಗಿ ಎಣಿಸುವುದು ಸರಿಯೇ. ಆದರೂ ಅಲ್ಲಿನ ಶಿಬಿರದ ಮೊದಲ ಮೂರು ದಿನ ಆನಾಪಾನಕ್ಕೆ ಮೀಸಲು: ಮೂಗಿನ ಹೊಳ್ಳೆಯಲ್ಲಿ ಬಂದುಹೋಗುವ ಉಸಿರನ್ನೇ ಗಮನಿಸುತ್ತಿರಬೇಕು. ಇಲ್ಲಿ ಉಸಿರು, ಅಲ್ಲಿ ಪ್ರಶ್ನೆ. ಹಿಡಿದ ವಸ್ತು ಬೇರೆ, ಹಿಡಿತ ಒಂದೇ. ಕ್ರಿಕೆಟ್ಟಿನ ಗೀಳು ತಾನಾಗಿ ಮೆತ್ತಿಕೊಳ್ಳುತ್ತದೆ, ಸಾಧನೆಯ ವಸ್ತುವನ್ನು ನಾವೇ ಆರಿಸಿ ಹಿಡಿಯಬೇಕು ಎಂಬ ವ್ಯತ್ಯಾಸವನ್ನು ಮರೆಯುವಂತಿಲ್ಲ. ಹಾಗಾಗಿ ‘ನನ್ನ ಮನಸ್ಸು ಖಾಲಿಯಾಗುವುದೇ ಇಲ್ಲ, ಧ್ಯಾನ ನನ್ನಂಥವರಿಗಲ್ಲ’ ಎಂದು ಯಾರೂ ಹಿಂಜರಿಯಬೇಕಿಲ್ಲ. ಮನಸ್ಸು ಯಾವುದನ್ನಾದರೂ ಹಿಡಿದೇ ಹಿಡಿಯುತ್ತದೆ. ಅದಕ್ಕೆ ಹಿಡಿಯಲು ತಕ್ಕದ್ದನ್ನು ಕೊಡುವುದೇ ಸಾಧನೆಯ ಮೊದಲ ಹೆಜ್ಜೆ.